ಪಾರ್ಕ್ ಒಣಗಿದ ಮೇಲೆ ಅರ್ಜಿ ಬರೆಯಬೇಡಿ

ಕಲಬುರಗಿಯಲ್ಲಿ ನಮಗೆಲ್ಲ ಪಾರ್ಕ್ ನೆನಪಾಗುವುದು ಮೇ ತಿಂಗಳಲ್ಲಿ. ತಲೆ ಮೇಲೆ ಬಿಸಿಲು, ಕಾಲ ಕೆಳಗೆ ಧೂಳು. ಆಗ ಸಿಟ್ಟು ಬಂದು ಅರ್ಜಿ ಬರೆಯುತ್ತೇವೆ. ಆದರೆ ಅಷ್ಟೊತ್ತಿಗೆ ಆ ವರ್ಷದ ದುಡ್ಡು ಎಲ್ಲೆಲ್ಲಿಗೆ ಅಂತ ಹಂಚಿಕೆ ಆಗಿರುತ್ತದೆ. ಸರ್ಕಾರಿ ಲೆಕ್ಕ ಏಪ್ರಿಲ್ 1ಕ್ಕೆ ಶುರು. ನಿಮ್ಮ ಓಣಿಯ ಪಾರ್ಕಿಗೆ ಬೋರ್‌ವೆಲ್ ಮೋಟರ್, ಬೇಲಿ, ಮಾಲಿ ಬೇಕಿದ್ದರೆ ಅರ್ಜಿ ದೀಪಾವಳಿ ಮುಗಿದ ಕೂಡಲೇ ಹೋಗಬೇಕು, ಬೇಸಿಗೆಯಲ್ಲಲ್ಲ.

ಮೊದಲು ಆ ಜಾಗ ಯಾರದು ಅಂತ ತಿಳಿದುಕೊಳ್ಳಿ. ಅರ್ಧ ಜನ ಸೋಲುವುದು ಇಲ್ಲೇ. ಹೊಸ ಲೇಔಟ್ ಆದರೆ ಅದು ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲೇ ಇರಬಹುದು, ಪಾಲಿಕೆಗೆ ಹಸ್ತಾಂತರ ಆಗಿರುವುದಿಲ್ಲ. ಆಗ ಪಾಲಿಕೆಯವರು ಅವರ ಕಡೆ ಕೈ ತೋರಿಸುತ್ತಾರೆ, ಅವರು ಇವರ ಕಡೆ, ನೀವು ನಡುವೆ ಬಿಸಿಲಲ್ಲಿ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಂಥದ್ದು ಕ್ರೀಡಾ ಇಲಾಖೆಗೆ ಸೇರಿದ್ದು. ಸರ್ಕಾರಿ ಶಾಲೆಯ ಮೈದಾನ ಶಿಕ್ಷಣ ಇಲಾಖೆಯದು. ಬೀದರ್, ಯಾದಗಿರಿಯಲ್ಲೂ ಕತೆ ಇದೇ. ಲೇಔಟ್ ನಕ್ಷೆಯ ಪ್ರತಿ ಒಂದು ತೆಗೆದುಕೊಂಡರೆ ಜಗಳ ಅರ್ಧ ಮುಗಿದಂತೆ. ನಕ್ಷೆಯಲ್ಲಿ ಪಾರ್ಕ್ ಅಂತ ಇದ್ದ ಜಾಗದಲ್ಲಿ ಯಾರೋ ಶೆಡ್ ಹಾಕಲು ಬಂದರೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಕಾಯ್ದೆ ಇದೆ, ಅರ್ಜಿಯಲ್ಲಿ ಅದರ ಹೆಸರು ಬರೆಯಿರಿ.

ಅರ್ಜಿಯಲ್ಲಿ "ಪಾರ್ಕ್ ಸರಿ ಮಾಡಿ" ಅಂತ ಬರೆದರೆ ಸುಮ್ನೆ ಕಾಗದ ದಂಡ. ಎಷ್ಟು ಗಿಡ ಒಣಗಿವೆ, ಯಾವ ಕಡೆ ಬೇಲಿ ಬಿದ್ದಿದೆ, ನೀರು ಎಷ್ಟು ದಿನದಿಂದ ಇಲ್ಲ, ಇಷ್ಟು ಬರೆಯಿರಿ. ಫೋಟೊ ಹಚ್ಚಿ. ಅರ್ಜಿಯ ಝೆರಾಕ್ಸ್ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಕದಲಬೇಡಿ. ಉತ್ತರ ಬರದಿದ್ದರೆ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಫೋನ್ ಮಾಡಿ ದೂರು ಬರೆಸಿ.

ಇನ್ನೊಂದು ಉಪಾಯ. ಪಾರ್ಕ್ ನಿರ್ವಹಣೆ ಹೆಚ್ಚಾಗಿ ಟೆಂಡರ್ ಮೇಲೆ ನಡೆಯುತ್ತದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನಿಮ್ಮ ಪಾರ್ಕಿನ ಗುತ್ತಿಗೆದಾರರಿಗೆ ಕೊಟ್ಟ ಕಾರ್ಯಾದೇಶದ ಪ್ರತಿ ಮತ್ತು ಬಿಲ್ಲಿನ ಪ್ರತಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟು ಮಾಲಿಗಳು, ವಾರಕ್ಕೆ ಎಷ್ಟು ಸಲ ನೀರು ಅನ್ನುವುದು ಅದರಲ್ಲಿ ಇದ್ದರೆ, ಕಾಗದದಲ್ಲಿ ಮೂವರು ಮಾಲಿಗಳಿದ್ದು ನಿಮ್ಮ ಕಣ್ಣಿಗೆ ಒಬ್ಬರೂ ಬಿದ್ದಿಲ್ಲ ಅಂದರೆ ಮುಂದಿನ ಅರ್ಜಿ ತಾನೇ ಬರೆದುಕೊಳ್ಳುತ್ತದೆ, ಅಲ್ವಾ?

ಗಿಡದ ವಿಷಯಕ್ಕೆ ಬರೋಣ. ನಮ್ಮ ಓಣಿಯಲ್ಲಿ ಒಮ್ಮೆ ಜೂನ್ 5ರ ಪರಿಸರ ದಿನಕ್ಕೆ ಭರ್ಜರಿಯಾಗಿ ಸಸಿ ನೆಟ್ಟರು. ಫೋಟೊ ಚೆನ್ನಾಗಿ ಬಂತು, ಮಳೆ ಬರಲಿಲ್ಲ. ಹದಿನೈದು ದಿನಕ್ಕೆ ಎಲ್ಲ ಕಡ್ಡಿ. ಇಲ್ಲಿ ಎರಡು ಒಳ್ಳೆ ಮಳೆ ಬಿದ್ದು ಮಣ್ಣು ಒಳಗೆ ತನಕ ನೆನೆದ ಮೇಲೆಯೇ ನೆಡಬೇಕು. ತಗ್ಗು ಮಾತ್ರ ಬೇಸಿಗೆಯಲ್ಲೇ ತೋಡಿಸಿ, ಎರಡು ಅಡಿ ಅಗಲ, ಎರಡು ಅಡಿ ಆಳ. ನಮ್ಮದು ಎರೆ ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದಕ್ಕೆ ಗರಸು (ಮೊರಂ ಮಣ್ಣು), ತಿಪ್ಪೆ ಗೊಬ್ಬರ ಬೆರೆಸಿ ತುಂಬಿ. ಬೇವು, ಹೊಂಗೆ, ಹುಣಸೆ, ಅರಳಿ ಕೇಳಿ. ಗುಲ್‌ಮೊಹರ್ ಚೆಂದವೇ, ಆದರೆ ಬೇರು ಮೇಲ್ಮೇಲೆ, ಗಾಳಿ ಮಳೆಗೆ ಕೊಂಬೆ ಮುರಿದು ಕಾರಿನ ಮೇಲೆ ಬೀಳುತ್ತದೆ. ಬೇವಿನ ತುದಿ ಒಣಗಿದ್ದು ಕಂಡು ಮರ ಸತ್ತಿತು ಅಂತ ಕಡಿಸಬೇಡಿ, ಮಳೆ ಬಿದ್ದ ಮೇಲೆ ಎಷ್ಟೋ ಮರ ಮತ್ತೆ ಚಿಗುರುತ್ತವೆ. ಬುಡಕ್ಕೆ ಸಿಮೆಂಟ್ ಹಾಕಲು ಬಂದರೆ ಸುತ್ತ ಒಂದು ಮೀಟರ್ ಬಿಡಿ ಅಂತ ಹಟ ಮಾಡಿ.

ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅಂದರೆ ಅರಣ್ಯ ಇಲಾಖೆಗೆ ಅರ್ಜಿ. ಮರ ನಿಮ್ಮ ಸ್ವಂತ ಅಂಗಳದಲ್ಲಿದೆ ಅಂದರೂ ಇದು ಸಾಮಾನ್ಯವಾಗಿ ತಪ್ಪುವುದಿಲ್ಲ. ಕರೆಂಟ್ ತಂತಿಗೆ ತಾಗುವ ಕೊಂಬೆ ಇದ್ದರೆ ಇಲ್ಲಿನ ಕರೆಂಟ್ ಕಂಪನಿ ಜೆಸ್ಕಾಂಗೆ ತಿಳಿಸಿ, ನೀವೇ ಕೊಡಲಿ ಹಿಡಿಯಬೇಡಿ. ಕಡಿಯುವ ದಿನ ಪಕ್ಕದಲ್ಲಿ ನಿಂತು ನೋಡಿ. ಒಂದೇ ಮಗ್ಗುಲು ಬೋಳಿಸಿದರೆ ಮರ ಇನ್ನೊಂದು ಕಡೆ ವಾಲುತ್ತದೆ, ಮುಂದಿನ ಗಾಳಿಗೆ ಬುಡಸಮೇತ ಬರುತ್ತದೆ.

ಮೈದಾನದ ಕೆಲಸ ಬೇರೆ ತರ. ಬರೀ ಎರೆ ಮಣ್ಣಿನ ಮೈದಾನದಲ್ಲಿ ಮಳೆ ಬಿದ್ದರೆ ನಾಲ್ಕು ದಿನ ಆಟ ಬಂದ್, ಚಪ್ಪಲಿಗೆ ಎರಡೆರಡು ಕಿಲೋ ಕೆಸರು. ಆದ್ದರಿಂದ ಮೇಲೆ ಗರಸು ಹಾಸಿ, ನೀರು ಹೊಡೆದು, ರೋಲರ್ ಓಡಿಸಬೇಕು, ನಡುವೆ ಸ್ವಲ್ಪ ಎತ್ತರ ಇಟ್ಟು ನೀರು ಅಂಚಿನ ಚರಂಡಿಗೆ ಹೋಗುವಂತೆ ಮಾಡಬೇಕು. ಕ್ರಿಕೆಟ್ ಪಿಚ್‌ಗೆ ಮಾತ್ರ ಇದು ಉಲ್ಟಾ. ಆ 22 ಗಜಕ್ಕೆ ನಮ್ಮ ಜಿಗುಟು ಎರೆ ಮಣ್ಣೇ ಬೇಕು. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಬೆರಳಿಗೆ ಅಂಟಬಾರದು, ಆ ಹದದಲ್ಲಿ ರೋಲರ್. ಹಸಿ ಇದ್ದಾಗ ಓಡಿಸಿದರೆ ಮಣ್ಣು ರೋಲರಿಗೆ ಮೆತ್ತಿಕೊಂಡು ಕಿತ್ತು ಬರುತ್ತದೆ.

ಮತ್ತೆ, ಮದುವೆ ಪೆಂಡಾಲಿಗೆ ಮೈದಾನ ಕೊಟ್ಟಾಗ ಗೂಟದ ತಗ್ಗು ಮುಚ್ಚಿಸಿದ ಮೇಲೆಯೇ ಡಿಪಾಸಿಟ್ ವಾಪಸ್ ಕೊಡಿ ಅಂತ ಅರ್ಜಿಯಲ್ಲಿ ಸೇರಿಸಿ. ಹುಡುಗರ ಕಾಲು ಹೆಚ್ಚಾಗಿ ಉಳುಕುವುದು ಅಲ್ಲೇ.