ಭತ್ತ ಬೆಳೆಯುವ ನಿಂಜಾ ನಾಡಿಗೆ ಊರು ಕಟ್ಟಿದ ಬಗೆ

ಇನಾಹೊ ನಾನು ರೋಲ್‌ಪ್ಲೇಯಿಂಗ್ ಆಟವೊಂದಕ್ಕೆ, ಅಂದರೆ ಆಟಗಾರರು ಪಾತ್ರಗಳಾಗಿ ಕಥೆ ನಡೆಸುವ ಆಟಕ್ಕೆ, ಕಟ್ಟಿಕೊಂಡ ನಾಡು. ಸುತ್ತಲೂ ಬೆಟ್ಟ, ನಡುವೆ ಕಣಿವೆಗಳು, ಭತ್ತವೇ ಬದುಕು. ನಿಂಜಾ ವಿದ್ಯೆ ಬೆಳೆದದ್ದು ಬೇಸಾಯಕ್ಕೆ ಬಿಡುವಿದ್ದ ತಿಂಗಳುಗಳಲ್ಲಿ. ಇಂಥ ನಾಡಿನ ಊರುಗಳನ್ನು ಕಳ್ಳಬಾಗಿಲು, ಸುರಂಗ, ಎತ್ತರದ ಗೋಡೆಗಳಿಂದ ಶುರುಮಾಡಿದರೆ ಅವು ಸಿನಿಮಾ ಸೆಟ್ ಆಗಿಬಿಡುತ್ತವೆ. ನಾನು ಮೊದಲು ಅಕ್ಕಿಯ ಲೆಕ್ಕ ಹಾಕಿದೆ, ಅಲ್ಲಿಂದ ನೀರಿಗೆ ಹೋದೆ, ಮನೆಗಳನ್ನು ಆಮೇಲೆ ಇಟ್ಟೆ. ಗುಟ್ಟುಗಳು ಬಂದದ್ದು ಕಟ್ಟಕಡೆಗೆ.

ಮಾದರಿಗೆ ಇಟ್ಟುಕೊಂಡದ್ದು ನಿಂಜಾಗಳಿಗೆ ಹೆಸರಾದ ಜಪಾನಿನ ಇಗಾ ಮತ್ತು ಕೋಕಾ. ಇಗಾ ಈಗಿನ ಮಿಎ ಪ್ರಾಂತದ ಪಶ್ಚಿಮಕ್ಕಿದೆ, ಕೋಕಾ ಬೆಟ್ಟದಾಚೆ ಶಿಗಾ ಪ್ರಾಂತದ ದಕ್ಷಿಣಕ್ಕೆ. 16ನೇ ಶತಮಾನದಲ್ಲಿ ಎರಡೂ ಕಡೆ ಒಬ್ಬ ಗಟ್ಟಿ ದೊರೆ ಇರಲಿಲ್ಲ. ಜಮೀನುಳ್ಳ ಮನೆತನಗಳು ಒಟ್ಟಿಗೆ ಕೂತು ನಾಡು ನಡೆಸುತ್ತಿದ್ದವು. ಇಗಾ ಒಂದರಲ್ಲೇ ಸಣ್ಣ ಮಣ್ಣುಕೋಟೆಗಳ ಕುರುಹು 600ಕ್ಕೂ ಹೆಚ್ಚು ಸಿಕ್ಕಿವೆ. ನೆಲ ಪುರಾತನ ಬಿವಾ ಸರೋವರದ ತಳದ ಜೇಡಿ. ಇಗಾ ಮತ್ತು ಶಿಗರಾಕಿಯ ಹೆಸರಾಂತ ಮಡಕೆಗಳು ಆಗುವುದು ಇದೇ ಮಣ್ಣಿನಲ್ಲಿ. ಜೇಡಿ ಗದ್ದೆಯಲ್ಲಿ ನೀರು ಹಿಡಿದಿಡುತ್ತದೆ, ಮಳೆಗಾಲದಲ್ಲಿ ದಾರಿ ಕೆಡಿಸುತ್ತದೆ. ಇನಾಹೊದಲ್ಲಿ ಎರಡನ್ನೂ ಬಳಸಿಕೊಂಡೆ.

ಈಗ ಲೆಕ್ಕ. ಅಳತೆಗೆ ಜಪಾನಿನ ಕೊಕು ಇಟ್ಟುಕೊಂಡೆ: ಸುಮಾರು 180 ಲೀಟರ್, ತೂಕದಲ್ಲಿ ಸುಮಾರು 150 ಕಿಲೋ ಅಕ್ಕಿ, ಒಬ್ಬ ದೊಡ್ಡವನ ವರ್ಷದ ಊಟ ಎಂದು ಹಿಡಿಯುವ ಪ್ರಮಾಣ. ಜಮೀನಿಗೆ ತಾನ್. ಅದು ನಮ್ಮ ಹತ್ತು ಗುಂಟೆಗೆ ಕೂದಲೆಳೆ ಕಡಿಮೆ. ಹತ್ತು ತಾನ್ ಸೇರಿದರೆ ಒಂದು ಚೋ. ಕಥೆಯ ಕಾಲ 1580ರ ದಶಕಕ್ಕಿಂತ ಹಿಂದಿನದಾದರೆ ಒಂದು ಎಚ್ಚರಿಕೆ ಬೇಕು. ಜಪಾನನ್ನು ಒಗ್ಗೂಡಿಸಿದ ಹಿದೆಯೋಶಿ ಮಾಡಿಸಿದ ಭೂಮಾಪನದಲ್ಲಿ ತಾನ್ 360 ತ್ಸುಬೊದಿಂದ (ಒಂದು ತ್ಸುಬೊ ಸುಮಾರು 3.3 ಚದರ ಮೀಟರ್) 300ಕ್ಕೆ ಇಳಿಯಿತು. ಹಳೆಯ ತಾನ್ ಹನ್ನೆರಡು ಗುಂಟೆಯ ಹತ್ತಿರ ಬರುತ್ತದೆ. ಎರಡನ್ನೂ ಬೆರೆಸಿದರೆ ಇಡೀ ನಾಡಿನ ಇಳುವರಿ ಐದರಲ್ಲಿ ಒಂದು ಪಾಲು ತಪ್ಪುತ್ತದೆ.

ನನ್ನ ಮಾದರಿ ಊರು ಕಾಮಿಇಕೆ. 40 ಮನೆ, 200 ಜನ, 200 ತಾನ್ ಗದ್ದೆ. ತಾನ್‌ಗೆ 1.2 ಕೊಕು ಹಿಡಿದರೆ ಬೆಳೆ 240 ಕೊಕು. ಬಿತ್ತನೆಗೆ 12 ತೆಗೆಯಿರಿ. ಊಟಕ್ಕೆ, ಮಕ್ಕಳು ಮುದುಕರನ್ನೆಲ್ಲ ಸೇರಿಸಿ ತಲೆಗೆ 0.7ರಂತೆ 140, ಉಳಿದ ಹೊಟ್ಟೆ ತುಂಬಿಸುವುದು ಬಾರ್ಲಿ, ನವಣೆ, ಊದಲು. ದೇವಸ್ಥಾನ, ಕೆರೆ ರಿಪೇರಿ, ಬರಗಾಲದ ಕಣಜ ಇವಕ್ಕೆ 50. ಕೈಯಲ್ಲಿ ಉಳಿದದ್ದು 38. ಹೊಲಕ್ಕಿಳಿಯದೆ ಕಸುಬನ್ನೇ ನಂಬಿರುವ ನಿಂಜಾ ಒಬ್ಬನಿಗೆ ಊಟ, ಕಬ್ಬಿಣ, ಬಟ್ಟೆ, ದಾರಿಖರ್ಚು ಸೇರಿ ವರ್ಷಕ್ಕೆ 3 ಕೊಕು ಬೇಕೆಂದರೆ, ಈ ಊರು ಸಾಕಬಲ್ಲದ್ದು 12 ಜನರನ್ನು. ಅದಕ್ಕಿಂತ ಹೆಚ್ಚು ಬೇಕೆಂದರೆ ಮಿಕ್ಕವರು ಗದ್ದೆಗೆ ಇಳಿಯಲೇಬೇಕು.

ಬೆಳೆ ಮೂರರಲ್ಲಿ ಎರಡು ಪಾಲಿಗೆ ಇಳಿದ ವರ್ಷ 160 ಕೊಕು ಬರುತ್ತದೆ. ಬಿತ್ತನೆ, ಊಟ ಕಳೆದರೆ ಉಳಿಯುವುದು 8. ಆ ವರ್ಷ ಊರು ತನ್ನ ಜನರನ್ನು ಹೊರಗಿನ ದೊರೆಗಳಿಗೆ ಕೂಲಿಗೆ ಕಳಿಸಲೇಬೇಕು, ಕೂಲಿ ಅಕ್ಕಿಯಲ್ಲೇ ಬರಬೇಕು. ಇನಾಹೊದ ರಾಜಕೀಯವೆಲ್ಲ ಈ ಕಳೆಯುವ ಲೆಕ್ಕದಿಂದ ಹುಟ್ಟಿತು. ಯಾವ ಕಣಿವೆ ಯಾರ ಜೊತೆ ಯಾಕೆ ಒಪ್ಪಂದ ಮಾಡಿಕೊಂಡಿತು ಎನ್ನುವುದಕ್ಕೆ ಬೇರೆ ಕಾರಣ ಕಟ್ಟುವ ಅಗತ್ಯವೇ ಬೀಳಲಿಲ್ಲ.

ನಕಾಶೆಗೆ 1 ಸೆಂಟಿಮೀಟರಿಗೆ 100 ಮೀಟರ್ ಸಾಕು. ಮೊದಲು ಬೆಟ್ಟದ ಏರಿಳಿತ, ಆಮೇಲೆ ಹಳ್ಳ, ಆಮೇಲೆ ಕೆರೆ, ಗದ್ದೆ. ದೊಡ್ಡ ಹೊಳೆಯ ಪಕ್ಕದ ವಿಶಾಲ ಬಯಲಿನಲ್ಲಿ ಹಳೆಯ ಊರನ್ನು ಇಡಬೇಡಿ. ಅಂಥ ಹೊಳೆಗೆ ಅಡ್ಡ ಕಟ್ಟಲು 40 ಮನೆಯ ಊರಿಗೆ ಆಳು ಸಾಲದು, ನೆರೆ ಬಂದರೆ ಗದ್ದೆಯೇ ಹೋಗುತ್ತದೆ. ಮೊದಲ ಊರುಗಳು ಕಿರುಗಣಿವೆಗಳ ಬಾಯಲ್ಲಿ ಹುಟ್ಟುತ್ತವೆ. ಕಣಿವೆಯ ತಲೆಯಲ್ಲಿ ಒಂದು ಕೆರೆ, ಕೆಳಗೆ ಮೆಟ್ಟಿಲಾಗಿ ಗದ್ದೆ.

ಕೆರೆಯ ಗಾತ್ರವನ್ನೂ ಲೆಕ್ಕದಿಂದಲೇ ತೆಗೆದೆ. ಜೂನ್-ಜುಲೈ ಮಳೆ ಹೆಚ್ಚಿನ ನೀರು ಕೊಡುತ್ತದೆ. ಕೆಸರು ಮಾಡಲಿಕ್ಕೆ ಮತ್ತು ಆಗಸ್ಟಿನ ಒಣಹವೆಗೆ ಕೆರೆ ಗದ್ದೆಯ ಮೇಲೆ 150 ಮಿಲಿಮೀಟರ್ ನಿಲ್ಲುವಷ್ಟು ನೀರು ಒದಗಿಸಬೇಕೆಂದು ಹಿಡಿದೆ. ಕಾಮಿಇಕೆಯ 200 ತಾನ್ ಎಂದರೆ ಸುಮಾರು 20 ಹೆಕ್ಟೇರ್, ಅದಕ್ಕೆ 30,000 ಘನ ಮೀಟರ್. ಸರಾಸರಿ 3 ಮೀಟರ್ ಆಳವಾದರೆ ಕೆರೆ ಒಂದು ಹೆಕ್ಟೇರ್, ಎರಡೂವರೆ ಎಕರೆ. ಏರಿಯ ಒಂದು ತುದಿಗೆ ಕೋಡಿ, ನಡುವೆ ತೂಬು. ಜಪಾನಿನ ಹಳೆಯ ಕೆರೆಗಳಲ್ಲಿ ಏರಿಯ ಇಳಿಜಾರಿಗೆ ಒರಗಿದ ಮರದ ಕೊಳವೆಯಿದ್ದು, ಅದರಲ್ಲಿ ಬೇರೆಬೇರೆ ಎತ್ತರಕ್ಕೆ ತೂತು, ತೂತಿಗೆ ಬಿರಡೆ ಇರುತ್ತಿದ್ದವು. ಮೇಲಿನ ಬಿರಡೆ ಮೊದಲು ತೆಗೆಯುತ್ತಾರೆ, ಏಕೆಂದರೆ ಬಿಸಿಲಿಗೆ ಕಾದ ಮೇಲುನೀರು ಸಸಿಗೆ ಒಳ್ಳೆಯದು. ತಳದ ತಣ್ಣೀರು ನೇರ ಬಿಟ್ಟರೆ ತೂಬಿನ ಹತ್ತಿರದ ಗದ್ದೆ ಹಿಂದೆ ಬೀಳುತ್ತದೆ. ಆಟದಲ್ಲಿ ಇದು ಕೆಲಸಕ್ಕೆ ಬಂತು. ರಾತ್ರಿ ಯಾರೋ ತಳದ ಬಿರಡೆ ಕಿತ್ತಿದ್ದಾರೆಂಬುದು ವಾರದ ನಂತರ ಮೊದಲ ಎರಡು ಗದ್ದೆಗಳ ಬಣ್ಣದಲ್ಲಿ ತಿಳಿಯುತ್ತದೆ.

ಈ ಊರಿನ ಅತ್ಯುತ್ತಮ ಗೂಢಚಾರ ನೀರುಗಂಟಿ. ಸರಿರಾತ್ರಿಯಲ್ಲಿ ಬದುವಿನ ಮೇಲೆ ಒಬ್ಬನೇ ನಡೆದರೂ ಯಾರೂ ಕೇಳುವುದಿಲ್ಲ. ಹೆಗಲಲ್ಲಿ ಗುದ್ದಲಿ, ಸೊಂಟದಲ್ಲಿ ಕುಡುಗೋಲು, ಎರಡೂ ಅವನ ಕೆಲಸದವೇ. ಪಕ್ಕದ ಊರಿನ ನೀರುಗಂಟಿಯ ಜೊತೆ ಗಡಿಯಲ್ಲಿ ನಿಂತು ಮಾತಾಡುವುದು ಅವನ ಹಕ್ಕು. ಅವನ ಮನೆಯನ್ನು ಊರಿನಿಂದ ಬಿಡಿಸಿ ಏರಿಯ ಬುಡದಲ್ಲಿಟ್ಟೆ. ಕೆರೆ ತುಂಬಿದ ಜೂನ್‌ನಲ್ಲಿ ಶತ್ರು ಏರಿ ಒಡೆದರೆ ಆ ವರ್ಷದ ಬೆಳೆ ಮುಗಿದಂತೆಯೇ, ಆದ್ದರಿಂದ ಕಾವಲೂ ಅಲ್ಲೇ ಬೇಕು.

ಮನೆಗಳು ಬೆಟ್ಟದ ಬುಡದಲ್ಲಿ, ದಕ್ಷಿಣಕ್ಕೆ ಮುಖಮಾಡಿ, ಗದ್ದೆಗಿಂತ ಎರಡು ಮೂರು ಮೀಟರ್ ಮೇಲೆ. ಗದ್ದೆಯಾಗಬಲ್ಲ ನೆಲದಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ಹಿಂದಿನ ಗುಡ್ಡ ಊರಿನ ಸೊಪ್ಪಿನ ಬೆಟ್ಟ: ಗೊಬ್ಬರಕ್ಕೆ ಹಸಿಸೊಪ್ಪು, ಹುಲ್ಲು, ಸೌದೆ, ಇದ್ದಿಲು ಎಲ್ಲ ಅಲ್ಲಿಂದಲೇ. ಬಹಳ ನಕಾಶೆಗಳಲ್ಲಿ ಊರಿನ ಹಿಂದೆಯೇ ದಟ್ಟ ಕಾಡು ಬರೆದಿರುತ್ತಾರೆ. ವರ್ಷವೂ ಸೊಪ್ಪು ಕಡಿಯುವ ಗುಡ್ಡ ಬೋಳಾಗಿರುತ್ತದೆ, ಅಲ್ಲಿ ಅಡಗಲು ಆಗದು. ಅಡಗುವ ಕಾಡು ಒಂದು ಗಂಟೆ ನಡಿಗೆಯಾಚೆ ಶುರುವಾಗಲಿ.

ಊರಿನ ಮುಂದೆ ನೀರು ಬಸಿಯದ ತಗ್ಗುಗದ್ದೆಗಳನ್ನು ಬೇಕೆಂದೇ ಇಟ್ಟೆ. ಮೇಲಿನ ಗದ್ದೆಗಳಲ್ಲಿ ಭತ್ತದ ನಂತರ ನೀರು ಬಿಟ್ಟು ಬಾರ್ಲಿ ಬಿತ್ತುತ್ತಾರೆ. ತಗ್ಗಿನವು ಚಳಿಗಾಲವಿಡೀ ತೊಡೆಮಟ್ಟ ಕೆಸರು. ದಾಟಬೇಕೆಂದರೆ ಒಬ್ಬರ ಹಿಂದೊಬ್ಬರು ಬದುವಿನ ಮೇಲೆಯೇ ಬರಬೇಕು. ಕಂದಕ ತೋಡದೆಯೇ ಕಂದಕ ಸಿಕ್ಕಿತು, ನೋಡುವವರಿಗೆ ಅದು ಬರೀ ಗದ್ದೆ.

ಮುಖ್ಯ ಮನೆತನದ ಕೋಟೆಮನೆಗೆ ಇಗಾದ ಚೌಕವನ್ನೇ ತೆಗೆದುಕೊಂಡೆ: ಒಳಗೆ 50 ಮೀಟರ್ ಬದಿ, ಸುತ್ತ ಮಣ್ಣಿನ ದಿಬ್ಬ, ಹೊರಗೆ ಒಣ ಕಂದಕ. ದಿಬ್ಬ ಬುಡದಲ್ಲಿ 6 ಮೀಟರ್, ತಲೆಯಲ್ಲಿ ಒಂದೂವರೆ, ಎತ್ತರ 3. ಸುತ್ತಳತೆಗೆ ಸುಮಾರು 2,500 ಘನ ಮೀಟರ್ ಮಣ್ಣು. ಅಷ್ಟೂ ಕಂದಕದಿಂದಲೇ ಬರಬೇಕು. ಬಾಯಿ 5 ಮೀಟರ್, ತಳ ಒಂದೂವರೆ, ಆಳ 2.8 ಎಂದಿಟ್ಟರೆ ಲೆಕ್ಕ ಕೂಡುತ್ತದೆ. ಒಬ್ಬ ದಿನಕ್ಕೆ 2 ಘನ ಮೀಟರ್ ಅಗೆದು ಹಾಕಿದರೆ 1,250 ಆಳು. 40 ಜನಕ್ಕೆ ಒಂದು ತಿಂಗಳು. ಬಾರ್ಲಿ ಬಿತ್ತಿದ ಮೇಲೆ, ನೆಲ ಹೆಪ್ಪುಗಟ್ಟುವ ಮೊದಲು ಆಗಬೇಕು. ಕಲ್ಲಿನ ಕೋಟೆ ಬೇಕೆನ್ನುವವರು ಈ ಆಳಿನ ಲೆಕ್ಕವನ್ನು ಒಮ್ಮೆ ಕಲ್ಲಿಗೆ ಹಾಕಿ ನೋಡಲಿ.

ನಿಂಜಾಗಳ ಪಂಚಾಂಗ ಗದ್ದೆಯದ್ದೇ. ಏಪ್ರಿಲ್‌ನಲ್ಲಿ ಸಸಿಮಡಿ, ಮೇ ಕೊನೆಗೆ ಬಾರ್ಲಿ ಕೊಯ್ಲು, ಅದರ ಬೆನ್ನಿಗೇ ನಾಟಿ. ಒಬ್ಬರು ದಿನಕ್ಕೆ ಅರ್ಧ ತಾನ್ ನೆಟ್ಟರೆ ಕಾಮಿಇಕೆಗೆ 400 ಆಳು ಬೇಕು. 80 ಜನ ಇಳಿದರೆ ಐದೇ ದಿನದ ಕೆಲಸ ಅನ್ನಿಸುತ್ತದೆ, ಆದರೆ ನೀರು ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಸರದಿಯಲ್ಲಿ ಇಳಿಯುವುದರಿಂದ ಎರಡು ವಾರ ಹಿಡಿಯುತ್ತದೆ. ಆ ಎರಡು ವಾರ ಹೊರಗೆ ಯಾರನ್ನೂ ಕಳಿಸಬಾರದು. ಜುಲೈ ಕಳೆ ಕೀಳಲು. ಆಗಸ್ಟ್ ನಡುವೆ ಸಣ್ಣ ಬಿಡುವು, ಸೆಪ್ಟೆಂಬರ್-ಅಕ್ಟೋಬರ್ ಕೊಯ್ಲು, ನವೆಂಬರ್ ಬಿತ್ತನೆ. ದೀರ್ಘ ಕಾರ್ಯಾಚರಣೆಗೆ ಇರುವುದು ಡಿಸೆಂಬರಿನಿಂದ ಮಾರ್ಚ್. ಈ ಪಟ್ಟಿಯನ್ನು ಆಟಗಾರರ ಮುಂದಿಟ್ಟರೆ ಅವರೇ ಯೋಜನೆ ಬದಲಿಸಿಕೊಳ್ಳುತ್ತಾರೆ.

ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪು ಎಲ್ಲಿಂದ ಬಂತು ಎಂಬುದಕ್ಕೆ ಜಪಾನಿನ ಎಚ್ಚೂ ಸೀಮೆಯ (ಈಗಿನ ತೊಯಾಮಾ ಪ್ರಾಂತ) ಗೊಕಾಯಾಮಾದ ವಿಧಾನ ಹಿಡಿದೆ. ಮನೆಯೊಳಗಿನ ಒಲೆಯ ಸುತ್ತ ನೆಲದಡಿ ಗುಂಡಿ ತೋಡಿ, ಮಣ್ಣು, ರೇಷ್ಮೆಹುಳದ ಹಿಕ್ಕೆ, ಮಾಚಿಪತ್ರೆಯಂಥ ಸೊಪ್ಪು ಪದರಪದರವಾಗಿ ತುಂಬಿ ಆಗಾಗ ತಿರುವುತ್ತಿದ್ದರು. ಒಲೆಯ ಶಾಖ ಬೇಕು, ನಾಲ್ಕೈದು ವರ್ಷ ಕಾಯಬೇಕು. ಆಮೇಲೆ ಆ ಮಣ್ಣು ಸೋಸಿ, ಕುದಿಸಿ ಹರಳು ತೆಗೆಯುವುದು. ಆದ್ದರಿಂದ ಈ ಊರಿನಲ್ಲಿ ರೇಷ್ಮೆ ಸಾಕಣೆ, ಹಿಪ್ಪುನೇರಳೆ ತೋಟ, ದೊಡ್ಡ ಒಲೆಯ ಮನೆಗಳು ಇರಲೇಬೇಕು. ಹೊಸದಾಗಿ ನೆಲೆಸಿದ ಊರಿನಲ್ಲಿ ಸ್ವಂತ ಮದ್ದು ಇರಬಾರದು.

ಉಳಿದ ನೆಲೆಗಳು ಚಿಕ್ಕವು. ಇದ್ದಿಲು ಸುಡುವವರ ಕೇರಿ ಆರೇಳು ಗುಡಿಸಲು, ಮರ ಮುಗಿದಂತೆ ಜಾಗ ಬದಲಿಸುತ್ತದೆ. ಹಳ್ಳ ಕೂಡುವಲ್ಲಿ ದೇವಸ್ಥಾನ ಮತ್ತು ಸಂತೆ, ಔಷಧಿ ಮಾರುವವರು ಹೊರಡುವುದು ಅಲ್ಲಿಂದ. ಕಣಿವೆದಾರಿಯ ತಲೆಯಲ್ಲಿ ನಾಲ್ಕು ಮನೆಯ ಕಾವಲುಕೇರಿ. ಅಲ್ಲಿ ಗದ್ದೆಯಿಲ್ಲ, ಕೆಳಗಿನ ಊರುಗಳು ಅಕ್ಕಿ ಹೊರುತ್ತವೆ, ಅದನ್ನು ಲೆಕ್ಕದ 50 ಕೊಕುವಿನಲ್ಲಿ ಹಾಕಿ.

ಆ ದಾರಿಗಳೇ ನಾಡಿನ ಪ್ರಾಣ. 1579ರಲ್ಲಿ ನೆರೆಯ ಇಸೆ ಸೀಮೆಯನ್ನು ಆಳುತ್ತಿದ್ದ ಓದಾ ನೊಬುಕಾತ್ಸು ಇಗಾಕ್ಕೆ ನುಗ್ಗಿ ಬೆಟ್ಟದಾರಿಗಳಲ್ಲಿ ಪೆಟ್ಟು ತಿಂದು ಹಿಂದಿರುಗಿದ. 1581ರಲ್ಲಿ ಅವನ ತಂದೆ ನೊಬುನಾಗನ ಸೇನೆ ಹಲವು ದಾರಿಗಳಿಂದ ಒಟ್ಟಿಗೇ ಬಂತು, ನಾಡು ಬಿತ್ತು. ಎರಡೂ ಶರತ್ಕಾಲದಲ್ಲಿ ನಡೆದವು, ಪೈರು ಮಾಗುವ ಹೊತ್ತಿಗೆ. ಇನಾಹೊಗೆ ಏಳು ದಾರಿ ಇಟ್ಟು, ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಕಾಯಲು ಆಳು ಸಾಲದಂತೆ ಜನಸಂಖ್ಯೆ ಇಟ್ಟೆ. ಹಾಗಾದಾಗ ಯಾವ ದಾರಿ ಬಿಡಬೇಕೆಂಬ ಜಗಳ ಊರೂರಿಗೂ ನಿಜವಾಗುತ್ತದೆ.

ಆ ಜಗಳಕ್ಕೆ ಕಟ್ಟಳೆಯೂ ಬೇಕು. ಇಗಾದ ಮನೆತನಗಳು 16ನೇ ಶತಮಾನದಲ್ಲಿ ಬರೆದುಕೊಂಡ 11 ಕಲಮುಗಳ ಒಪ್ಪಂದ ಉಳಿದುಬಂದಿದೆ. ಹೊರಗಿನವರು ನುಗ್ಗಿದರೆ ಊರೂರಲ್ಲಿ ಗಂಟೆ ಬಾರಿಸಬೇಕು, 17ರಿಂದ 50 ವಯಸ್ಸಿನವರು ಹೊರಡಬೇಕು, ಶತ್ರುವಿನ ಕೋಟೆ ಹಿಡಿದ ರೈತನನ್ನು ಸಮುರಾಯ್ ಮಾಡಬೇಕು ಎಂದು ಅದರಲ್ಲಿದೆ. ಗಂಟೆಯ ಕಲಮನ್ನು ನಕಾಶೆಯ ಮೇಲೆ ಪರೀಕ್ಷಿಸಿದೆ. ಕಣಿವೆಯೊಳಗೆ ಗಂಟೆಯ ದನಿಗೆ 2 ಕಿಲೋಮೀಟರ್ ಎಂದಿಟ್ಟು ಕೈವಾರದಲ್ಲಿ ಪ್ರತಿ ದೇವಸ್ಥಾನಕ್ಕೂ ವೃತ್ತ ಎಳೆದೆ. ಗುಡ್ಡದ ಏಣು ಅಡ್ಡ ಬಂದಲ್ಲಿ ವೃತ್ತ ಕತ್ತರಿಸಿದೆ. ವೃತ್ತದ ಹೊರಗುಳಿದ ಕೇರಿಗೆ ಹೊಗೆಯ ಸನ್ನೆ. ಶರತ್ಕಾಲದ ಬೆಳಗಿನ ಮಂಜಿನಲ್ಲಿ ಹೊಗೆ ಕಾಣದು, ಆಗ ಓಟದ ಆಳು, ಬೆಟ್ಟದಾರಿಯಲ್ಲಿ ಗಂಟೆಗೆ 3 ಕಿಲೋಮೀಟರ್. ಕಾಮಿಇಕೆಯಿಂದ ಇದ್ದಿಲುಕೇರಿಗೆ 4 ಕಿಲೋಮೀಟರ್. ಸುದ್ದಿ ಮುಟ್ಟುವುದು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಅವರು ಇಳಿದು ಬರಲು ಇನ್ನೊಂದು ಗಂಟೆ. ಪ್ರತಿ ನೆಲೆಯ ಹಾಳೆಯಲ್ಲಿ ಈ ಎರಡು ಅಂಕಿಗಳನ್ನು ಕೊಕು ಲೆಕ್ಕದ ಕೆಳಗೇ ಬರೆದಿಡುತ್ತೇನೆ.