ಕೆಚ್ಚಲು ಬಾವು: ಕಣ್ಣಿಗೆ ಬೀಳುವ ಮೊದಲೇ ಹಿಡಿಯುವುದು ಹೇಗೆ?

ಅಥಣಿ, ಜಮಖಂಡಿ ಕಡೆ ಕಬ್ಬು ಕಡಿದ ಮೇಲೆ ರವದಿಗೆ, ಅಂದರೆ ಕಬ್ಬಿನ ಒಣಗರಿಗೆ, ಬರವಿಲ್ಲ. ಅದನ್ನೇ ಆಕಳಿಗೆ ಹಾಸುತ್ತೇವೆ. ಒಣಗಿದ್ದರೆ ಒಳ್ಳೆಯದೇ. ಗಂಜಲ ಹೀರಿ ಎರಡು ದಿನ ಹಾಗೇ ಬಿದ್ದಿದ್ದರೆ ಬಾವು ತರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಅಲ್ಲಿಂದಲೇ ಮೊಲೆಗೆ ಏರುತ್ತದೆ. ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹೆಚ್ಚಾಗಿ ಹಿಂಡುವವರ ಕೈ, ಒರೆಸುವ ಬಟ್ಟೆ ಹಿಡಿದು ಬರುತ್ತದೆ.

ಕೆಚ್ಚಲು ಊದಿ ಹಾಲಿನಲ್ಲಿ ಗರಣೆ ಬಂದರೆ ಯಾರಿಗಾದರೂ ತಿಳಿಯುತ್ತದೆ. ಕಷ್ಟ ಇರುವುದು ಅದಕ್ಕೂ ಮೊದಲು. ಹಾಲು ಬೆಳ್ಳಗೇ ಇರುತ್ತದೆ, ಆಕಳು ಮೇಯುತ್ತದೆ, ಡೇರಿಯ ಅಳತೆ ಮಾತ್ರ ಇಳಿಯುತ್ತದೆ. ನಾವು ಸುಮ್ನೆ ತಿನ್ನಲು ಹಿಂಡಿ ಜಾಸ್ತಿ ಹಾಕುತ್ತೇವೆ, ಅಲ್ವಾ?

ಅದರ ಬದಲು ಹದಿನೈದು ದಿನಕ್ಕೊಮ್ಮೆ ಹೀಗೆ ನೋಡಿ. ಅರ್ಧ ಲೀಟರ್ ನೀರಿಗೆ 15 ಗ್ರಾಂ ಬಟ್ಟೆ ಒಗೆಯುವ ಪುಡಿ ಕಲಸಿ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಲ್ಲಿ ಬೇರೆ ಬೇರೆ ಹಿಡಿಯಿರಿ. ಹಾಲಿನಷ್ಟೇ ಪುಡಿನೀರು ಹಾಕಿ, ಒಂದು ನಿಮಿಷ ಮೆಲ್ಲಗೆ ಅಲುಗಾಡಿಸಿ. ತೆಳ್ಳಗೇ ಉಳಿದರೆ ಚಿಂತೆಯಿಲ್ಲ. ಲೋಳೆಯಾದರೆ ಆ ಮೊಲೆಯ ಮೇಲೆ ಅನುಮಾನ ಪಡಿ. ಸೋಂಕು ತಡೆಯಲು ಬಂದ ಬಿಳಿ ರಕ್ತಕಣಗಳು ಪುಡಿನೀರಿಗೆ ಒಡೆಯುತ್ತವೆ, ಅವುಗಳ ಡಿಎನ್‌ಎ ಲೋಳೆಗಟ್ಟುತ್ತದೆ. ಗಿಣ್ಣದ ಹಾಲಿಗೆ ಈ ಪರೀಕ್ಷೆ ಬೇಡ, ಅದು ಸೋಂಕಿಲ್ಲದಿದ್ದರೂ ಲೋಳೆಯಾಗಿ ಮೋಸ ಮಾಡುತ್ತದೆ. ನೋಡಿದ ಹಾಲನ್ನು ಕೊಟ್ಟಿಗೆಯಲ್ಲಿ ಚೆಲ್ಲಬೇಡಿ.

ದಿನವೂ ಹಿಂಡುವ ಮೊದಲು ಕೈ ತೊಳೆಯಿರಿ. ಕೆಚ್ಚಲು ತೊಳೆದು ಒಣಗುವಂತೆ ಒರೆಸಿ, ಒಂದೊಂದು ಆಕಳಿಗೆ ಬೇರೆ ಬಟ್ಟೆ ಇರಲಿ. ಮೊದಲ ಮೂರ್ನಾಲ್ಕು ಧಾರೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ. ಗರಣೆಯಿದ್ದರೆ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ.

ಹೆಬ್ಬೆರಳು ಮಡಚಿ ಗೆಣ್ಣಿನಿಂದ ಒತ್ತುವ ಚಾಳಿ ನಮ್ಮಲ್ಲಿ ಹಳೆಯದು. ಬೇಗ ಮುಗಿಯುತ್ತದೆ, ನಿಜ. ಆದರೆ ಮೊಲೆಯ ಒಳಗೆ ಗಾಯವಾಗುತ್ತದೆ. ಪೂರ್ತಿ ಮುಷ್ಟಿಯಲ್ಲಿ ಹಿಡಿದು ಹಿಂಡಿ.

ಹಿಂಡಿದ ಮೇಲೆ ಮೊಲೆಯ ತುದಿಯನ್ನು 0.5% ಪೋವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ಬಾಯಿ ಪೂರ್ತಿ ಮುಚ್ಚಲು ಅರ್ಧ ತಾಸಾದರೂ ಬೇಕು. ಅಷ್ಟರೊಳಗೆ ಆಕಳು ಸೆಗಣಿಯಲ್ಲಿ ಮಲಗಿದರೆ ಪಟ್ಟ ಶ್ರಮವೆಲ್ಲ ನೀರಿಗೆ. ಅದಕ್ಕೇ ಮೇವನ್ನು ಹಿಂಡಿದ ಮೇಲೆ ಹಾಕಿ, ತಿನ್ನುತ್ತಾ ನಿಂತೇ ಇರುತ್ತದೆ.

ಬಾವು ಕಂಡರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪಶು ವೈದ್ಯರನ್ನು ಕರೆಯಿರಿ. ಪಕ್ಕದ ಮನೆಯಲ್ಲಿ ಉಳಿದ ಔಷಧಿ ಟ್ಯೂಬ್ ತಂದು ಮೊಲೆಯೊಳಗೆ ಏರಿಸಬೇಡಿ. ಊತ ಇಳಿಯಿತೆಂದು ಔಷಧಿ ಅರ್ಧಕ್ಕೆ ಬಿಡಬೇಡಿ. ವೈದ್ಯರು ಹೇಳಿದಷ್ಟು ದಿನ ಆ ಹಾಲು ಡೇರಿಗೂ ಬೇಡ, ಕರುವಿಗೂ ಬೇಡ. ಆ ಆಕಳನ್ನು ಎಲ್ಲಕ್ಕಿಂತ ಕೊನೆಗೆ ಹಿಂಡಿ.