ಚಾರ್ಮಾಡಿ ಘಾಟಿ, ಆಲ್ಟೋ 800 ಮತ್ತು ಎರಡನೇ ಗೇರು: ನನ್ನ ಅನುಭವ

ಕೆಲಸ ಚಿಕ್ಕಮಗಳೂರಲ್ಲಿ, ಮನೆ ಉಜಿರೆ ಹತ್ರ, ಹಾಗಾಗಿ ಚಾರ್ಮಾಡಿ ಘಾಟಿ ನನಗೆ ಊರಿಗೆ ಹೋಗೋ ಮಾಮೂಲಿ ದಾರಿ. ಗಾಡಿ ಆಲ್ಟೋ 800. "ಇದ್ರಲ್ಲಿ ಘಾಟಿ ಹತ್ತುತ್ತಾ ಮಾರಾಯ?" ಅಂತ ಕೇಳೋರು ಈಗ್ಲೂ ಇದಾರೆ, ಅದ್ರಲ್ಲೂ ಹೊಸದಾಗಿ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ತಗೊಂಡು ಮನೆಯವರನ್ನ ಕೂರಿಸ್ಕೊಂಡು ಧರ್ಮಸ್ಥಳಕ್ಕೆ ಹೊರಟೋರು ಜಾಸ್ತಿ ಕೇಳ್ತಾರೆ. ಹತ್ತುತ್ತೆ, ಆರಾಮಾಗಿ ಹತ್ತುತ್ತೆ. ಗೇರು ಸರಿಯಾಗಿ ಹಾಕಬೇಕು ಅಷ್ಟೆ, ಮತ್ತೆ ಆ ಅಷ್ಟೆ ಅನ್ನೋದ್ರಲ್ಲೇ ಎಲ್ಲ ಇರೋದು.

ಇಂಜಿನ್ 796 ಸಿಸಿ, ಮೂರು ಸಿಲಿಂಡರ್. ಟಾರ್ಕ್, ಅಂದ್ರೆ ಇಂಜಿನ್ನಿನ ತಿರುಗಿಸೋ ಬಲ, 69 ಎನ್‌ಎಂ, ಅದೂ ಪೂರ್ತಿ ಸಿಗೋದು 3500 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತೋ ಲೆಕ್ಕ) ಹತ್ರ. ಗಾಡಿ ತೂಕ ಸುಮಾರು 700 ಕೆಜಿ, ಅದಕ್ಕೆ ನಾಲ್ಕು ಜನ ದೊಡ್ಡವರು ಹತ್ತಿ ಡಿಕ್ಕಿಲಿ ಎರಡು ಬ್ಯಾಗು, ಒಂದು ಅಕ್ಕಿ ಚೀಲ ಇಟ್ರೆ ಇನ್ನೊಂದು 300 ಕೆಜಿ ಸೇರ್ಕೊಳ್ಳುತ್ತೆ. ದೊಡ್ಡ ಎಸ್‌ಯುವಿಗೆ 300 ಕೆಜಿ ಗೊತ್ತೇ ಆಗಲ್ಲ, ನಮ್ಮ ಗಾಡಿಗೆ ಅದು ತನ್ನ ತೂಕದ ನಲವತ್ತು ಪರ್ಸೆಂಟು. ಒಬ್ಬನೇ ಹೋಗೋವಾಗ ಮೂರನೇ ಗೇರಲ್ಲಿ ಹತ್ತಿದ ಏರು ಫುಲ್ ಲೋಡಲ್ಲಿ ಎರಡನೇ ಗೇರು ಕೇಳುತ್ತೆ, ಅದು ಗಾಡಿ ದೋಷ ಅಲ್ವೇ ಅಲ್ಲ.

ನನ್ನ ಗಾಡೀಲಿ ಆರ್‌ಪಿಎಂ ಮೀಟರ್ ಇಲ್ಲ, ಕಿವೀಲೇ ಓಡಿಸೋದು. ಮೂರನೇ ಗೇರಲ್ಲಿ ಆಕ್ಸಿಲರೇಟರ್ ಇನ್ನೂ ಒತ್ತಿದ್ರೂ ಸ್ಪೀಡು ಏರ್ತಿಲ್ಲ, ಸ್ಟೇರಿಂಗು, ಗೇರ್ ಲಿವರು ಎಲ್ಲ ಸಣ್ಣಗೆ ನಡುಗ್ತಾ ಇದೆ, ಇಂಜಿನ್ನು ಗೊರ ಗೊರ ಅಂತಿದೆ ಅಂದ್ರೆ ಅದು ಎರಡನೇ ಗೇರು ಕೇಳ್ತಾ ಇದೆ ಅಂತ. ಆ ನಡುಕ ಬರೋದಕ್ಕಿಂತ ಸ್ವಲ್ಪ ಮೊದಲೇ, ಅಂದ್ರೆ ತಿರುವಿಗೆ ಹೋಗೋ ಮುಂಚೆನೇ, ನಾನು ಎರಡಕ್ಕೆ ಹಾಕ್ತೀನಿ. ತಿರುವಿನ ಮಧ್ಯೆ ಒಂದು ಕೈಲಿ ಸ್ಟೇರಿಂಗು ಇನ್ನೊಂದು ಕೈಲಿ ಗೇರು ಅಂತ ಒದ್ದಾಡೋದು ಬೇಡ. ಎರಡನೇ ಗೇರಲ್ಲಿ ಗಂಟೆಗೆ ಮೂವತ್ತು, ಮೂವತ್ತೈದರಲ್ಲಿ ಹೋಗ್ತಿದ್ರೆ ಇಂಜಿನ್ ಸದ್ದು ಜೋರಾಗಿರುತ್ತೆ, ಪಕ್ಕದಲ್ಲಿ ಕೂತೋರು ಗಾಬರಿ ಆಗಿ "ಗೇರ್ ಚೇಂಜ್ ಮಾಡೋ" ಅಂತಾರೆ, ಮಾಡಬೇಡಿ. ಆ ಸದ್ದಲ್ಲೇ ಅದಕ್ಕೆ ಶಕ್ತಿ ಇರೋದು. ಏರು ತೀರಾ ಜಾಸ್ತಿ ಇದ್ರೆ ಎಸಿ ಆಫ್ ಮಾಡ್ತೀನಿ, 800 ಸಿಸಿ ಗಾಡೀಲಿ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತೆ.

ಆಗುಂಬೆ ಕಥೆ ಬೇರೆ. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು, ಸೋಮೇಶ್ವರದಿಂದ ಹತ್ತೋವಾಗ ಎದುರಿಗೆ ಗಾಡಿ ಬಂದು ಸ್ಲೋ ಆದ್ರೆ ಕೆಲವು ಕಡೆ ಫಸ್ಟ್ ಗೇರೇ ಬೇಕಾಗುತ್ತೆ. ಓಡ್ತಿರೋ ಗಾಡಿಗೆ ಫಸ್ಟ್ ಸಲೀಸಾಗಿ ಬೀಳಲ್ಲ, ಹೆಚ್ಚೂಕಮ್ಮಿ ನಿಲ್ಲಿಸಿಯೇ ಹಾಕ್ಕೊಳ್ಳೋದು ಒಳ್ಳೇದು. ಏರಲ್ಲಿ ನಿಂತು ಹೊರಡೋಕೆ ಹ್ಯಾಂಡ್ ಬ್ರೇಕು ಎಳೆದು, ಕ್ಲಚ್ಚು ನಿಧಾನಕ್ಕೆ ಬಿಡ್ತಾ ಗಾಡಿ ಮೂತಿ ಸ್ವಲ್ಪ ಎದ್ದ ಹಾಗೆ ಆದ ತಕ್ಷಣ ಹ್ಯಾಂಡ್ ಬ್ರೇಕು ಇಳಿಸೋದು. ಘಾಟಿಗೆ ಹೋಗೋ ಮುಂಚೆ ಊರಲ್ಲೇ ಯಾವುದಾದ್ರೂ ಖಾಲಿ ಏರಲ್ಲಿ ಇದೊಂದನ್ನ ಕಾಲಿಗೆ ರೂಢಿ ಮಾಡ್ಕೊಳ್ಳಿ. ಹಿಂದೆ ಬಸ್ಸು ಅಂಟ್ಕೊಂಡು ನಿಂತಿರೋವಾಗ ಕಲಿಯೋ ವಿದ್ಯೆ ಅಲ್ಲ ಇದು.

ಇನ್ನು ಇಳಿಯೋದು. ಜನ ಹತ್ತೋದಕ್ಕೆ ಹೆದರ್ತಾರೆ, ನಿಜವಾಗ್ಲೂ ಹುಷಾರಾಗಿರಬೇಕಾದ್ದು ಚಾರ್ಮಾಡಿ ಘಾಟಿಯ ಮೇಲಿನ ತುದಿ ಕೊಟ್ಟಿಗೆಹಾರದಿಂದ ಕೆಳಗೆ ಇಳಿಯೋವಾಗ. ಇಪ್ಪತ್ತು ಚಿಲ್ಲರೆ ಕಿಲೋಮೀಟರು ಇಳಿಜಾರು, ತಿರುವಿನ ಮೇಲೆ ತಿರುವು. ನಮ್ಮ ಬೀದೀಲಿ ರಿಟೈರ್ಡ್ ಬಸ್ ಡ್ರೈವರ್ ಒಬ್ರು ಇದಾರೆ, ಅವರು ಮೊದಲು ಹೇಳ್ಕೊಟ್ಟಿದ್ದೇ "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿಯಪ್ಪ" ಅಂತ. ನಾನು ಇವತ್ತಿಗೂ ಅದನ್ನೇ ಮಾಡೋದು. ಎರಡನೇ ಗೇರಲ್ಲಿ ಕಾಲು ತೆಗೆದ್ರೆ ಇಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ, ಬ್ರೇಕು ಬೇಕಾಗೋದು ತಿರುವಿಗೆ ಮುಂಚೆ ಒಂದ್ಸಲ. ಒತ್ತೋವಾಗ ಗಟ್ಟಿಯಾಗಿ ಒತ್ತಿ, ಸ್ಪೀಡು ಇಳಿದ ಮೇಲೆ ಪೂರ್ತಿ ಬಿಟ್ಟುಬಿಡಬೇಕು. ಉದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಕೊಂಡು ಉಜ್ಜಿಸ್ಕೊಂಡು ಬಂದ್ರೆ ಪ್ಯಾಡು ಕಾದು, ಬ್ರೇಕ್ ಆಯಿಲ್ಲೂ ಕಾದು, ಕೊನೆಗೆ ಪೆಡಲ್ ಸ್ಪಂಜು ಒತ್ತಿದ ಹಾಗೆ ಒಳಗೆ ಹೋಗುತ್ತೆ. ಅದಕ್ಕೆ ಮುಂಚೆ ಸುಟ್ಟ ವಾಸನೆ ಬರುತ್ತೆ. ವಾಸನೆ ಬಂತಾ, ಅಗಲ ಇರೋ ಕಡೆ ಸೈಡಿಗೆ ಹಾಕಿ ಗೇರಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಬಿಟ್ಟುಬಿಡಿ. ಬೇಗ ತಣ್ಣಗಾಗ್ಲಿ ಅಂತ ನೀರು ಹುಯ್ಯೋರನ್ನ ನೋಡಿದೀನಿ, ಕಾದ ಡಿಸ್ಕಿಗೆ ತಣ್ಣೀರು ಬಿದ್ರೆ ಅದು ಸೊಟ್ಟ ಆಗುತ್ತೆ.

ನ್ಯೂಟ್ರಲ್ ಮಾಡಿ ಇಳಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ಒಂದು ನಂಬಿಕೆ ಇದೆಯಲ್ಲ, ಅದನ್ನ ದಯವಿಟ್ಟು ಬಿಟ್ಟುಬಿಡಿ. ಕಾರ್ಬ್ಯುರೇಟರ್ ಕಾಲದ ಮಾತು ಅದು. ಇಂಜೆಕ್ಷನ್ ಇರೋ ಗಾಡೀಲಿ ಗೇರಲ್ಲಿದ್ದು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಇಸಿಯು (ಇಂಜಿನ್ನಿನ ಕಂಪ್ಯೂಟರು) ಪೆಟ್ರೋಲನ್ನೇ ನಿಲ್ಲಿಸುತ್ತೆ, ಚಕ್ರಗಳೇ ಇಂಜಿನ್ನನ್ನ ತಿರುಗಿಸ್ತಾ ಇರ್ತವೆ. ನ್ಯೂಟ್ರಲ್ ಮಾಡಿದ್ರೇ ಇಂಜಿನ್ ಆಫ್ ಆಗದ ಹಾಗೆ ಐಡ್ಲಿಂಗಿಗೆ ಪೆಟ್ರೋಲ್ ಹೋಗೋದು. ಇನ್ನೂ ಮುಂದೆ ಹೋಗಿ ಕೀನೇ ಆಫ್ ಮಾಡಿ ಇಳಿಯೋರ ಬಗ್ಗೆ ಏನು ಹೇಳೋದು, ಬ್ರೇಕ್ ಪೆಡಲ್ ಹಗುರ ಮಾಡೋ ಬೂಸ್ಟರಿಗೆ ವ್ಯಾಕ್ಯೂಮ್ ಕೊಡೋದೇ ಇಂಜಿನ್ನು, ಅದು ನಿಂತ ಮೇಲೆ ಎರಡು ಮೂರು ಸಲ ಒತ್ತಿದ್ರೆ ಪೆಡಲ್ ಕಲ್ಲಾಗುತ್ತೆ.

ಸಣ್ಣ ಗಾಡಿಗೆ ಘಾಟೀಲಿ ದೊಡ್ಡ ಲಾಭ ಅಂದ್ರೆ ಅದರ ಅಗಲ. ಒಂದೂವರೆ ಮೀಟರ್ ಅಷ್ಟೆ, ನಮ್ಮ ಲೇನಲ್ಲೇ ನಾವು ಕೂತು ಇನ್ನೂ ಜಾಗ ಉಳಿಯುತ್ತೆ. ಅದನ್ನ ನುಗ್ಗೋಕೆ ಬಳಸಬಾರದು, ಬಿಟ್ಟುಕೊಡೋಕೆ ಬಳಸಬೇಕು. ಹೇರ್‌ಪಿನ್ನಲ್ಲಿ ಬಸ್ಸಿಗೆ ನಮ್ಮ ಲೇನೂ ಬೇಕೇ ಬೇಕು, ಅದು ಡ್ರೈವರ್ ದರ್ಪ ಅಲ್ಲ, ಅಷ್ಟುದ್ದ ಗಾಡಿ ಬೇರೆ ಥರ ತಿರುಗೋದೇ ಇಲ್ಲ. ತಿರುವಿನ ಮೇಲೆಯೋ ಕೆಳಗೆಯೋ ರಸ್ತೆ ಕಾಣೋ ಕಡೆ ನಾನು ಒಂದ್ಸಲ ಕಣ್ಣಾಡಿಸ್ತೀನಿ, ಬಸ್ಸೋ ಲಾರಿಯೋ ಬರ್ತಾ ಇದ್ರೆ ತಿರುವಿಗೆ ಹದಿನೈದಿಪ್ಪತ್ತು ಅಡಿ ಹಿಂದೆಯೇ ನಿಂತ್ಬಿಡ್ತೀನಿ. ಎಷ್ಟೋ ಡ್ರೈವರ್‌ಗಳು ಕೈ ಎತ್ತಿ ಹೋಗ್ತಾರೆ, ಖುಷಿ ಆಗುತ್ತೆ. ಕಿರಿದಾದ ಕಡೆ ಎದುರಾಬದುರು ಆದ್ರೆ ಹತ್ತುತ್ತಿರೋ ಗಾಡಿಗೇ ಮೊದಲು ದಾರಿ, 2017ರ ಚಾಲನಾ ನಿಯಮಗಳಲ್ಲೂ ಹಾಗೇ ಇದೆ. ಲೋಡ್ ಗಾಡಿ ಏರಲ್ಲಿ ಒಮ್ಮೆ ನಿಂತ್ರೆ ಮತ್ತೆ ಹೊರಡೋ ಕಷ್ಟ ಹತ್ತಿದವರಿಗೇ ಗೊತ್ತು.

ಓವರ್‌ಟೇಕ್ ವಿಷಯ, ಏರಲ್ಲಿ ಮಾಡ್ಲೇಬೇಡಿ ಅನ್ನೋದೇ ನನ್ನ ಅಭಿಪ್ರಾಯ. ಶಿರಾಡಿ ಘಾಟೀಲಿ ಗ್ಯಾಸಿನ ಬುಲೆಟ್ ಟ್ಯಾಂಕರ್ ಸಾಲಾಗಿ ಹೋಗ್ತಿರುತ್ತೆ, ಒಂದನ್ನ ದಾಟೋಕೆ ಹೊರಟ್ರೆ ಅದರ ಪಕ್ಕಕ್ಕೆ ಬರೋಷ್ಟರಲ್ಲಿ ನಮ್ಮ ಗಾಡಿ ಉಸಿರು ಬಿಡುತ್ತೆ. ಹಿಂದೆಯೇ ಹೋಗಿ, ಘಾಟಿ ತುದೀಲಿರೋ ಮಾರನಹಳ್ಳಿ ದಾಟಿದ ಮೇಲೆ ರಸ್ತೆ ಸಿಗುತ್ತೆ.

ಚಾರ್ಮಾಡಿಲಿ ಅಣ್ಣಪ್ಪ ಸ್ವಾಮಿ ಗುಡಿ ಹತ್ರ ಮುಂದಿನ ಗಾಡಿ ಇದ್ದಕ್ಕಿದ್ದ ಹಾಗೆ ಸ್ಲೋ ಆಗುತ್ತೆ, ಕಾಣಿಕೆ ಹಾಕೋಕೆ ನಿಲ್ಲಿಸ್ತಾರೆ, ಹಾಗಾಗಿ ಅಲ್ಲಿ ಗ್ಯಾಪ್ ಇಟ್ಕೊಳ್ಳಿ. ಕೋತಿಗಳಿಗೆ ತಿಂಡಿ ಎಸೆಯೋಕೆ ತಿರುವಲ್ಲೇ ನಿಲ್ಲಿಸೋರೂ ಇದಾರೆ.

ಮಳೆಗಾಲದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳೋದು ಮಂಜಿಗೆ. ಹೈ ಬೀಮ್ ಹಾಕಿದ್ರೆ ಮುಂದೆ ಬರೀ ಬಿಳಿ ಗೋಡೆ, ಲೋ ಬೀಮಲ್ಲಿ ರಸ್ತೆ ಅಂಚಿನ ಬಿಳಿ ಗೆರೆ ಹಿಡಿದು ಹೋಗೋದು. ನಾಲ್ಕೂ ಇಂಡಿಕೇಟರ್ ಹಾಕ್ಕೊಂಡು ಓಡಿಸಬೇಡಿ, ನೀವು ಓಡ್ತಿದೀರೋ ನಿಂತಿದೀರೋ ಹಿಂದಿನವನಿಗೆ ತಿಳಿಯಲ್ಲ. ನಾಲ್ಕು ಜನರ ಉಸಿರಿಗೆ ಇಷ್ಟು ಚಿಕ್ಕ ಕಾರಿನ ಗ್ಲಾಸು ಎರಡು ನಿಮಿಷದಲ್ಲಿ ಒಳಗಿಂದ ಮುಚ್ಚಿಹೋಗುತ್ತೆ, ಆಗ ಮಾತ್ರ ಎಸಿ ಹಾಕಿ, ಗಾಳಿ ಹೊರಗಿಂದ ತಗೊಳ್ಳೋ ಕಡೆ ಲಿವರ್ ತಳ್ಳಿ, ಬ್ಲೋವರ್ ಗ್ಲಾಸಿಗೆ ತಿರುಗಿಸಿದ್ರೆ ಬಿಡುತ್ತೆ. ಟೈರು 145 ಮಿ.ಮೀ. ಅಗಲದ ಸಣ್ಣ ಟೈರು, ಗ್ರಿಪ್ ಸವೆದಿದ್ರೆ ಮಳೆ ಮುಂಚೆನೇ ಬದಲಿಸಿ, ಗಾಳಿ ಬಾಗಿಲ ಹತ್ರ ಇರೋ ಸ್ಟಿಕ್ಕರ್ ನೋಡಿ ಫುಲ್ ಲೋಡಿನ ಲೆಕ್ಕಕ್ಕೇ ಹಾಕಿಸಿ. ಬ್ರೇಕ್ ಆಯಿಲ್ ಗಾಳೀಲಿರೋ ನೀರು ಹೀರುತ್ತೆ, ಹೀರಿದಷ್ಟೂ ಬೇಗ ಕುದಿಯುತ್ತೆ, ಅದಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

2019ರ ಆಗಸ್ಟಲ್ಲಿ ಗುಡ್ಡ ಕುಸಿದು ಚಾರ್ಮಾಡಿ ತಿಂಗಳುಗಟ್ಟಲೆ ಬಂದ್ ಆಗಿತ್ತು. ಆಮೇಲಿಂದ ಜೋರು ಮಳೆ ಇದ್ರೆ ಹೊರಡೋ ಮುಂಚೆ ಉಜಿರೆಗೂ ಕೊಟ್ಟಿಗೆಹಾರಕ್ಕೂ ಫೋನ್ ಮಾಡಿ ಕೇಳ್ತೀನಿ. ಕತ್ತಲಾದ ಮೇಲೆ ಮಳೇಲಿ ಇಳಿಯಲ್ಲ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ಬೆಳಕಿರೋವಾಗ್ಲೇ ಎರಡನೇ ಗೇರಿಗೆ ಹಾಕಿ ಹೊರಡೋದು.